ಎದೆಗಿಳಿದ ಶೀತ: ಪಕ್ಕೆ ನೋವು, ಸುಸ್ತು ನಿಭಾಯಿಸುವ ಕ್ರಮ

ಎದೆಗಿಳಿದ ಶೀತದಲ್ಲಿ, ಅಂದರೆ ವೈರಸ್‌ನಿಂದ ಬರುವ ಬ್ರಾಂಕೈಟಿಸ್‌ನಲ್ಲಿ (ಶ್ವಾಸನಾಳಗಳ ಉರಿಯೂತ), ಜ್ವರ ಕೆಲವೇ ದಿನಗಳಲ್ಲಿ ಇಳಿದರೂ ಕೆಮ್ಮು ಮೂರು ವಾರದವರೆಗೆ ಎಳೆಯುವುದುಂಟು. ಮಲಗಿದಲ್ಲೇ ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿಸಿಕೊಳ್ಳುವವರನ್ನೂ, ಜ್ವರ ಬಿಟ್ಟ ದಿನವೇ ವಾರದ ಬಟ್ಟೆಯನ್ನೆಲ್ಲ ಒಗೆದು ಮರುದಿನ ಮತ್ತೆ ಹಾಸಿಗೆ ಹಿಡಿಯುವವರನ್ನೂ ನಮ್ಮ ಮನೆಯಲ್ಲೇ ಸಾಕಷ್ಟು ನೋಡಿದ್ದೇನೆ.

ಮೊದಲನೆಯದು ಮಾತ್ರೆ. ಬೇರೆ ಕಾಯಿಲೆಯಿಲ್ಲದ ವಯಸ್ಕರಿಗೆ 500 ಅಥವಾ 650 ಮಿಲಿಗ್ರಾಂ ಪ್ಯಾರಾಸಿಟಮಾಲ್, ಆರು ಗಂಟೆಗಳ ಅಂತರದಲ್ಲಿ, ಸಾಕು. ಅಂಗಡಿಯಲ್ಲಿ ಕೇಳಿ ತರುವ ಅನೇಕ ಶೀತದ ಮಾತ್ರೆಗಳಲ್ಲಿಯೂ ಇದೇ ಔಷಧ ಸೇರಿರುವುದರಿಂದ, ಮಾತ್ರೆ ಪಟ್ಟಿಯ ಹಿಂಭಾಗವನ್ನು ಓದದೆ ಎರಡನ್ನೂ ಒಟ್ಟಿಗೆ ನುಂಗಿದರೆ ಯಕೃತ್ತಿಗೆ ಪೆಟ್ಟು. ಡೆಂಗಿಯ ಶಂಕೆಯಿರುವ ಮಳೆಗಾಲದಲ್ಲಿ ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನು ಸ್ವಂತ ನಿರ್ಧಾರದಿಂದ ಮುಟ್ಟಬಾರದು. ಕಳೆದ ಸಲ ಉಳಿದ ಆಂಟಿಬಯೋಟಿಕ್ ವೈರಸ್‌ಗೆ ಏನೂ ಮಾಡದು.

ಎರಡನೆಯದು ಕೆಮ್ಮುವ ಬಗೆ. ಎಲ್ಲರೂ ಎಡವುವುದು ಇಲ್ಲೇ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಪ್ರತಿ ಕೆಮ್ಮಿಗೂ ಜಗ್ಗಿ ದಣಿದಿರುತ್ತವೆ. ಕೆಮ್ಮು ಬರುವ ಸೂಚನೆ ಸಿಕ್ಕೊಡನೆ ಎದ್ದು ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ತುಸು ಮುಂದಕ್ಕೆ ಬಾಗಬೇಕು. ನೋಯುವ ಜಾಗಕ್ಕೆ ದಿಂಬನ್ನು ಒತ್ತಿ ಎರಡೂ ತೋಳುಗಳಿಂದ ಬಿಗಿಯಾಗಿ ಅಪ್ಪಿಕೊಳ್ಳಬೇಕು. ಅಮುಕಿದರೆ ಚಪ್ಪಟೆಯಾಗುವ ಫೋಮಿನ ದಿಂಬು ಇದಕ್ಕೆ ಪ್ರಯೋಜನವಿಲ್ಲ. ಹಳೆಯ ಹತ್ತಿ ದಿಂಬೇ ಆಗಬೇಕು, ಇಲ್ಲವಾದರೆ ನಾಲ್ಕು ಮಡಿಕೆಯ ದಪ್ಪ ಟವೆಲ್. ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಮೂರು ಎಣಿಸುವಷ್ಟು ಹೊತ್ತು ತಡೆದು, ಕನ್ನಡಕ ಒರೆಸುವ ಮುನ್ನ ಗಾಜಿಗೆ ಬಾಯಿಯ ಆವಿ ಬಿಡುವಂತೆ, ಆದರೆ ತುಸು ರಭಸದಿಂದ, ‘ಹಾ’ ಎಂದು ಎರಡು ಸಲ ಉಸಿರು ಬಿಡಬೇಕು. ಕಫ ಗಂಟಲಿನ ಬಳಿಗೆ ಬಂದಂತೆನಿಸಿದಾಗ ಮಾತ್ರ ಒಂದು ಕೆಮ್ಮು. ಅನಂತರ ನಾಲ್ಕೈದು ಸಹಜ ಉಸಿರಾಟ. ಹಿಂದೆಯೇ ಮತ್ತೆ ಕೆಮ್ಮುವ ಹಟ ಬೇಡ.

ಬಿಸಿನೀರು, ಗಂಜಿ, ಮೆಣಸಿನ ಸಾರು ಆಗಾಗ ಇರಲಿ. ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಒಳ್ಳೆಯದು, ಆದರೆ ಒಂದು ವರ್ಷದೊಳಗಿನ ಮಗುವಿಗೆ ಕೂಡದು. ಕುದಿಯುವ ಪಾತ್ರೆಯ ಮೇಲೆ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಪಾತ್ರೆ ಮಗುಚಿದರೆ ತೊಡೆ ಬೇಯುತ್ತದೆ.

ಸುಸ್ತಿನ ವಿಷಯದಲ್ಲಿ, ದಣಿದ ಮೇಲೆ ಕೂರುವುದಲ್ಲ, ದಣಿಯುವ ಮೊದಲೇ ಕೂರಬೇಕು. ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡಿ, ಅರ್ಧ ಗಂಟೆ ಒರಗಿ, ಆಮೇಲೆ ತಿಂಡಿಗೆ ಏಳಬೇಕು. ಜ್ವರ ಬಿಟ್ಟ ಮೊದಲ ದಿನಗಳಲ್ಲಿ ಎಂದಿನ ಕೆಲಸದ ಅರ್ಧಕ್ಕೇ ನಿಲ್ಲಿಸಬೇಕು.

ಕುಳಿತಲ್ಲೇ ಏದುಸಿರು, ಕಫದಲ್ಲಿ ರಕ್ತ, ಬಿಟ್ಟ ಜ್ವರ ಮರಳುವುದು, ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡುವುದು, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಅಂಕಿ: ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.