ಬೆಟ್ಟದೂರಿನಲ್ಲಿ ಒಂದು ದಿನ: ಬೆಳಿಗ್ಗೆ ಮೇಲೆ, ಮಧ್ಯಾಹ್ನ ಊರೊಳಗೆ

ಬೆಟ್ಟದ ಮೇಲಿನ ಊರಿಗೆ ಒಂದು ದಿನದ ಮಟ್ಟಿಗೆ ಹೋಗುವವರು ಸಾಮಾನ್ಯವಾಗಿ ಹತ್ತು ಜಾಗಗಳ ಪಟ್ಟಿ ಹಿಡಿದು ಒಂದಾದ ಮೇಲೊಂದು ಮುಗಿಸುತ್ತಾ ಓಡುತ್ತಾರೆ. ಸಂಜೆಗೆ ಫೋನ್ ತುಂಬಾ ಫೋಟೋ ಇರುತ್ತವೆ, ಬೆಟ್ಟ ನೋಡಿದ ಸಮಾಧಾನ ಮಾತ್ರ ಇರುವುದಿಲ್ಲ. ಪಟ್ಟಿ ಬಿಡಿ. ಆಕಾಶ ನೋಡಿಕೊಂಡು ದಿನ ಹೊಂದಿಸಿ. ಬೆಳಿಗ್ಗೆ ಎತ್ತರದ ಒಂದೇ ಒಂದು ಜಾಗ, ಮಧ್ಯಾಹ್ನ ಊರು, ಸಂಜೆ ಹತ್ತಿರದಲ್ಲೇ ಎಲ್ಲಾದರೂ ಸುಮ್ನೆ ಕೂರುವುದು. ಇಷ್ಟು ಸಾಕು.

ಬೆಳಿಗ್ಗೆಯೇ ಯಾಕೆ ಅಂತೀರಾ? ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಇಳಿದು ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಎಷ್ಟೋ ಸಲ ಬೆಳಗಿನ ಮಂಜು ಕೆಳಗಡೆ ದಟ್ಟವಾಗಿದ್ದು, ಮೇಲೆ ಹೋದರೆ ಆಕಾಶ ತಿಳಿಯಾಗಿರುತ್ತದೆ. ಕಿಟಕಿಯಾಚೆ ಏನೂ ಕಾಣುತ್ತಿಲ್ಲ ಅಂತ ಮತ್ತೆ ಹೊದ್ದು ಮಲಗಬೇಡಿ, ಸ್ವಲ್ಪ ಹತ್ತಿದರೆ ಅದೇ ಮಂಜು ನಿಮ್ಮ ಕಾಲ ಕೆಳಗೆ ಹಾಸಿಕೊಂಡಿರಬಹುದು. ಬಿಸಿಲೇರಿದ ಮೇಲೆ ಎಲ್ಲವೂ ತಿರುಗುಮುರುಗು. ಕಾದ ಗಾಳಿ ತೇವವನ್ನೂ ಹೊತ್ತುಕೊಂಡು ಇಳಿಜಾರು ಹತ್ತುತ್ತದೆ, ಮಧ್ಯಾಹ್ನದ ಹೊತ್ತಿಗೆ ತುದಿಗಳ ಸುತ್ತ ಮೋಡ ಕಟ್ಟುತ್ತದೆ, ಗುಡುಗು ಮಳೆ ಬರುವುದಿದ್ದರೆ ಹೆಚ್ಚಾಗಿ ಆಮೇಲೆಯೇ. ಇನ್ನೊಂದು ಕಾರಣ ಬೆಳಕು. ಬೆಳಗಿನ ಬಿಸಿಲು ಓರೆಯಾಗಿ ಬೀಳುವುದರಿಂದ ಪ್ರತಿ ಮಡಿಕೆ, ಪ್ರತಿ ಕಂದರ ನೆರಳಿನ ಸಮೇತ ಎದ್ದು ಕಾಣುತ್ತದೆ. ನಡುಹಗಲಲ್ಲಿ ಅದೇ ಬೆಟ್ಟ ಚಪ್ಪಟೆಯಾಗಿ ಕಾಣುತ್ತದೆ.

ಹಿಂದಿನ ರಾತ್ರಿಯೇ ಜಾಗ ಆರಿಸಿಕೊಳ್ಳಿ. ಉಳಿದುಕೊಂಡ ಕಡೆ ಅಥವಾ ರಸ್ತೆಯಲ್ಲಿ ಸಿಕ್ಕ ಊರವರನ್ನು ಕೇಳಿ, ಆದರೆ "ಇಲ್ಲಿ ನೋಡೋಕೆ ಏನಿದೆ" ಅಂತ ಕೇಳಬೇಡಿ, ಅದಕ್ಕೆ ಎಲ್ಲರಿಗೂ ಹೇಳುವ ಉತ್ತರವೇ ಸಿಗುತ್ತದೆ. "ಬೆಳಿಗ್ಗೆ ಬಿಸಿಲು ಮೊದಲು ಬೀಳುವುದು ಎಲ್ಲಿ, ನಡೆದು ಹೋಗುವ ದಾರಿ ಇದೆಯಾ" ಅಂತ ಕೇಳಿ ನೋಡಿ. ಊರವರು ದಿನಾ ಓಡಾಡುವ ಕಾಲುದಾರಿಯ ಸುಳಿವು ಸಿಗುವುದು ಇಂಥ ಪ್ರಶ್ನೆಗೇ.

ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಯಲು ಹಳೆಯ ಲೆಕ್ಕವೊಂದಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಬೆಟ್ಟ ಹತ್ತುವವರು 1892ರಲ್ಲಿ ಹೇಳಿದ್ದು: ಸುಮಾರು 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 5 ಕಿಲೋಮೀಟರ್ ದಾರಿ, 300 ಮೀಟರ್ ಏರು ಇದ್ದರೆ ಒಂದೂವರೆ ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆಯುವ ಲೆಕ್ಕ. ಆರಾಮಾಗಿ, ಅಲ್ಲಲ್ಲಿ ನಿಂತು ನೋಡುತ್ತಾ ಹೋಗುವ ನಿಮಗೆ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಮಕ್ಕಳಿದ್ದರೆ ಎರಡು ಪಟ್ಟು.

ಬಟ್ಟೆ ತೆಳುವಾಗಿ ಎರಡು ಮೂರು ಪದರ ಇರಲಿ. ಸರಾಸರಿ ನೋಡಿದರೆ 1000 ಮೀಟರ್ ಮೇಲೆ ಹೋದಂತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಬಿಸಿ ಇಳಿಯುತ್ತದೆ. ಆದರೂ ಹತ್ತುವಾಗ ಬೆವರುತ್ತೀರಿ, ತುದಿಯಲ್ಲಿ ನಿಂತ ಕೂಡಲೇ ಗಾಳಿಗೆ ಆ ಬೆವರೇ ಚಳಿ ಹಿಡಿಸುತ್ತದೆ. ಹತ್ತುವಾಗ ಒಂದು ಪದರ ಬಿಚ್ಚಿ ಒಣಗಿರುವಂತೆ ಚೀಲದಲ್ಲಿಟ್ಟುಕೊಂಡು, ಮೇಲೆ ಹೋದ ತಕ್ಷಣ ಹಾಕಿಕೊಳ್ಳಿ. ಚಳಿ ಇದೆ ಅಂತ ಬಿಸಿಲನ್ನು ಕಡೆಗಣಿಸಬೇಡಿ. 1000 ಮೀಟರ್‌ಗೆ ಸುಮಾರು 10%ರಂತೆ ನೇರಳಾತೀತ ಕಿರಣ ಜಾಸ್ತಿಯಾಗುತ್ತದೆ, ಚರ್ಮ ಸುಟ್ಟಿದ್ದು ರಾತ್ರಿಯೇ ಗೊತ್ತಾಗುವುದು. ಟೋಪಿ, ನೀರು, ಮಳೆಗೊಂದು ಜರ್ಕಿನ್ ಸಾಕು. ಊರು 2500 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಮಾತ್ರ ಬಂದ ದಿನವೇ ಹತ್ತುವ ಕೆಲಸ ಬೇಡ. ತಲೆನೋವು, ವಾಕರಿಕೆ ಶುರುವಾದರೆ ಇನ್ನೂ ಮೇಲೆ ಹೋಗಬಾರದು, ಜಾಸ್ತಿಯಾದರೆ ಕೆಳಗಿಳಿಯಬೇಕು.

ಏರಿನಲ್ಲಿ ಬೆಟ್ಟದೂರಿನವರು ನಡೆಯುವುದನ್ನು ಗಮನಿಸಿ. ಪುಟ್ಟ ಪುಟ್ಟ ಹೆಜ್ಜೆ, ಇಡೀ ಪಾದ ನೆಲಕ್ಕೆ ತಾಗುತ್ತದೆ, ವೇಗ ಕಡಿಮೆ, ಆದರೆ ನಿಲ್ಲುವುದೇ ಇಲ್ಲ. ಜೊತೆಯವರ ಹತ್ತಿರ ಮಾತಾಡುತ್ತಾ ಹತ್ತಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಿದೆ, ಏದುಸಿರು ಬರುತ್ತಿದ್ದರೆ ನಿಧಾನಿಸಿ. ಇಳಿಯುವ ಮೊದಲು ಮರೆಯದೆ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿಕೊಳ್ಳಿ: ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಬೆರಳುಗಳ ಕಡೆ ಸಡಿಲ ಬಿಟ್ಟು, ಕಣಕಾಲಿನ ಹತ್ತಿರ ಬಿಗಿಯಾಗಿ. ಹೀಗೆ ಕಟ್ಟಿದರೆ ಪಾದ ಮುಂದಕ್ಕೆ ಜಾರುವುದಿಲ್ಲ, ಹೆಬ್ಬೆರಳಿನ ಉಗುರು ಶೂ ತುದಿಗೆ ಕುಟ್ಟಿ ಕುಟ್ಟಿ ಕಪ್ಪಾಗುವುದೂ ಇಲ್ಲ.

ಮೇಲೆ ತಲುಪಿದ ಮೇಲೆ ಕನಿಷ್ಠ ಅರ್ಧ ಗಂಟೆ ಕೂರಿ. ಈ ದಿನಕ್ಕೆ ಅತಿ ಮುಖ್ಯವಾದದ್ದು ಇದೇ ಅಂತ ನನಗನಿಸುತ್ತದೆ. ಮೊದಲ ಐದು ನಿಮಿಷ ಎಲ್ಲ ಒಟ್ಟಿಗೆ ಹಸಿರು ನೀಲಿಯಾಗಿ ಕಾಣುತ್ತದೆ ಅಷ್ಟೇ. ಆಮೇಲೆ ಸಾಲುಗಳನ್ನು ಎಣಿಸಿ. ಹತ್ತಿರದ ಸಾಲು ಕಡು ಬಣ್ಣ, ಅದರ ಹಿಂದಿನದು ಸ್ವಲ್ಪ ನೀಲಿ, ಅದರ ಹಿಂದಿನದು ಇನ್ನೂ ತೆಳು ನೀಲಿ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ ಹೀಗಾಗುತ್ತದೆ, ದೂರ ಹೆಚ್ಚಿದಷ್ಟೂ ನೀಲಿ ಹೆಚ್ಚು. ರಾತ್ರಿ ಮಳೆ ಬಂದು ಬಿಟ್ಟಿದ್ದರೆ ನಿಮ್ಮ ಅದೃಷ್ಟ, ಧೂಳೆಲ್ಲ ತೊಳೆದು ಹೋಗಿ ಬೇರೆ ದಿನ ಕಾಣದ ಸಾಲುಗಳೂ ಕಾಣುತ್ತವೆ. ಬಳಿಕ ಕಣಿವೆಯಲ್ಲಿ ನೀರು ಯಾವ ಕಡೆ ಹರಿಯುತ್ತಿದೆ, ಊರು ಯಾವ ಇಳಿಜಾರಿಗೆ ಆತುಕೊಂಡಿದೆ, ನೀವು ಬಂದ ರಸ್ತೆ ಎಷ್ಟು ಸಲ ಮಡಚಿಕೊಂಡಿದೆ, ಒಂದೊಂದಾಗಿ ಹುಡುಕಿ. ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಅಲ್ಲಿರುವಾಗ ಗುಡುಗು ಕೇಳಿದರೆ ಇನ್ನೊಂದು ಫೋಟೋ ಅಂತ ನಿಲ್ಲಬೇಡಿ. ಮಿಂಚು ಕಂಡು ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಅದು ಒಂದೇ ಕಿಲೋಮೀಟರ್ ದೂರದಲ್ಲಿದೆ. 30 ಸೆಕೆಂಡ್ ಒಳಗೆ ಕೇಳಿದರೂ ಅಪಾಯವೇ. ಬಯಲು ದಿಣ್ಣೆಯಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗಟ್ಟಿ ಕಟ್ಟಡ ಅಥವಾ ಗಾಜು ಏರಿಸಿದ ಕಾರಿನೊಳಗೆ ಸೇರಿಕೊಳ್ಳಿ. ಕೊನೆಯ ಗುಡುಗಾದ ಮೇಲೆ 30 ನಿಮಿಷ ಕಾಯಿರಿ.

ಮಧ್ಯಾಹ್ನ ಊಟ ಮುಗಿಸಿ ಊರು ಸುತ್ತಿ. ಬಸ್ ಸ್ಟ್ಯಾಂಡಿನ ಸುತ್ತಮುತ್ತ ಬಿಟ್ಟು ಮೇಲಿನ ಬೀದಿಗಳಿಗೆ ಹೋಗಿ. ಇಂಥ ಊರುಗಳಲ್ಲಿ ರಸ್ತೆ ಸುತ್ತಿ ಬಳಸಿ ಹೋದರೆ, ಮೆಟ್ಟಿಲು ದಾರಿ ನೇರವಾಗಿ ಹತ್ತುತ್ತದೆ, ಒಬ್ಬರ ಮನೆಯ ಹೊಸ್ತಿಲು ಇನ್ನೊಬ್ಬರ ಮಾಡಿನ ಮಟ್ಟಕ್ಕಿರುತ್ತದೆ. ಮೆಟ್ಟಿಲ ಪಕ್ಕದ ಚರಂಡಿ, ಮಾಡಿನ ಓರೆ, ಬಿಸಿಲು ತಾಗದ ಗೋಡೆಯ ಪಾಚಿ ನೋಡಿದರೆ ಅಲ್ಲಿ ಎಂಥ ಮಳೆ ಬೀಳುತ್ತದೆ ಅಂತ ಯಾರೂ ಹೇಳಬೇಕಿಲ್ಲ. ಜನರ ಮನೆಗಳ ನಡುವೆ ಹೋಗುತ್ತಿದ್ದೀರಿ, ಕೇಳದೆ ಕ್ಯಾಮೆರಾ ಎತ್ತಬೇಡಿ.

ಸಂಜೆಯ ಜಾಗಕ್ಕೆ ಸ್ವಲ್ಪ ಬೇಗ ಹೋಗಿ. ಬೆಟ್ಟದಲ್ಲಿ ಸೂರ್ಯ ಎದುರಿನ ಸಾಲಿನ ಹಿಂದೆ ಮರೆಯಾಗುವುದರಿಂದ, ಪತ್ರಿಕೆಯಲ್ಲಿ ಕೊಟ್ಟ ಸಮಯಕ್ಕಿಂತ ಮೊದಲೇ ಬಿಸಿಲು ಹೋಗಿರುತ್ತದೆ. ಕೈಯನ್ನು ಪೂರ್ತಿ ಮುಂದೆ ಚಾಚಿ, ಬೆಟ್ಟದ ಅಂಚಿಗೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಅಡ್ಡಲಾಗಿ ಹಿಡಿಸುತ್ತವೆ ಎಣಿಸಿ. ಒಂದು ಬೆರಳಿಗೆ ಸುಮಾರು 15 ನಿಮಿಷ.

ಅದೇ ದಿನ ಕೆಳಗಿಳಿಯಬೇಕಿದ್ದರೆ ಕತ್ತಲಾಗುವ ಮೊದಲೇ ಹೊರಡಿ. ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂತು, ಫೋನ್ ಒಳಗಿಟ್ಟು, ದೂರದ ರಸ್ತೆ ನೋಡುತ್ತಿರಲಿ. ಗಾಡಿ ಓಡಿಸುವವರು ಇಳಿಜಾರು ಶುರುವಾಗುವ ಮೊದಲೇ ಕಡಿಮೆ ಗೇರಿಗೆ ಬರಬೇಕು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಿರಿದಾದ ತಿರುವಿನಲ್ಲಿ ಮೇಲೆ ಬರುತ್ತಿರುವ ಗಾಡಿಗೆ ಮೊದಲು ದಾರಿ ಬಿಡಿ, ಏರಿನಲ್ಲಿ ನಿಂತು ಮತ್ತೆ ಹೊರಡುವ ಕಷ್ಟ ಅವರದು.