ಭಾನುವಾರ ಬಾನೆಟ್ ಎತ್ತುವ ಅಭ್ಯಾಸ

ಕಾರು ತಗೊಂಡು ಆರು ವರ್ಷ ಆಗುವವರೆಗೂ ನಾನು ಬಾನೆಟ್ ಎತ್ತುತ್ತಿದ್ದದ್ದು ಆಯುಧಪೂಜೆಗೆ ಮಾತ್ರ. ಒಳಗೂ ಕುಂಕುಮ ಇಡಬೇಕು ಅಂತ ಅತ್ತೆ ಹೇಳುತ್ತಿದ್ದರು, ಇಟ್ಟು ಮುಚ್ಚುತ್ತಿದ್ದೆ. ವರ್ಷಕ್ಕೊಮ್ಮೆ ಸರ್ವೀಸ್‌ಗೆ ಬಿಡುತ್ತಿದ್ದೆ. ಫಳಫಳ ತೊಳೆದು ಕೊಡುತ್ತಿದ್ದರು, ಬಿಲ್ ಕಟ್ಟುತ್ತಿದ್ದೆ. ಇನ್ನೇನು ಬೇಕು ಅನ್ನುವ ಧೈರ್ಯ.

ಆ ಧೈರ್ಯ ಇಳಿದದ್ದು ಚಾರ್ಮಾಡಿ ಘಾಟಿಯಲ್ಲಿ. ಏಪ್ರಿಲ್ ತಿಂಗಳು. ಬೆಳ್ತಂಗಡಿಯ ತವರಿನಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆ. ಹಿಂದಿನ ಸೀಟಲ್ಲಿ ಮಗಳು ಮಲಗಿದ್ದಳು, ಡಿಕ್ಕಿ ತುಂಬಾ ಅಮ್ಮ ಕೊಟ್ಟ ತೆಂಗಿನಕಾಯಿ, ಹಲಸಿನ ಹಪ್ಪಳ. ಎಸಿ ಹಾಕಿಕೊಂಡು, ಮುಂದಿನ ಲಾರಿಯ ಹಿಂದೆ ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದೆ. ಯಾವತ್ತೂ ಅರ್ಧಕ್ಕೆ ನಿಲ್ಲುವ ಟೆಂಪರೇಚರ್ ಮುಳ್ಳು ಅವತ್ತು ಕೆಂಪು ಗೆರೆ ಮುಟ್ಟಿತ್ತು. ಎಷ್ಟು ಹೊತ್ತಿನಿಂದ ಅಲ್ಲಿತ್ತೋ, ನಾನು ನೋಡಿದ್ದು ಆಗ.

ಜಾಗ ಇದ್ದ ತಿರುವಿನಲ್ಲಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ. ಬಾನೆಟ್ ಎತ್ತಿದರೆ ಒಲೆ ಬಾಯಿಗೆ ಮುಖ ಕೊಟ್ಟ ಹಾಗಾಯಿತು. ನೀರು ಹಾಕೋಣ ಅಂತ ಟವೆಲ್ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದೆ ಬಂದು ನಿಲ್ಲಿಸಿದ ಟೆಂಪೋ ಡ್ರೈವರ್ ಒಬ್ಬ ಅಲ್ಲಿಂದಲೇ ಕೂಗಿದ: "ಅಕ್ಕಾ, ಮುಟ್ಬೇಡಿ! ಮುಖ ಸುಟ್ಟೋಗುತ್ತೆ!"

ಕುಕ್ಕರ್ ಬಳಸುವ ನನಗೆ ಇದು ಹೊಳೆಯಬೇಕಿತ್ತು. ಒಳಗೆ ಒತ್ತಡ ಇರುವುದರಿಂದ ಆ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ಅಷ್ಟೂ ಒಟ್ಟಿಗೆ ಕುದಿದು ಆವಿಯಾಗಿ ಮೇಲೆ ಚಿಮ್ಮುತ್ತದೆ. ವಿಷಲ್ ಇಳಿಯುವ ಮುಂಚೆ ಕುಕ್ಕರ್ ತೆಗೆದ ಹಾಗೆ, ಅದಕ್ಕಿಂತ ಜೋರು.

ಮುಕ್ಕಾಲು ಗಂಟೆ ಕಾದೆವು. ಕೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲೆ ಆತನೇ ಮುಚ್ಚಳ ಬಿಚ್ಚಿ, ಬಾಟಲಿ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿದ. ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟ. ಮುಳ್ಳು ಏರಲು ಶುರುವಾದ ಕೂಡಲೇ ಎಸಿ ಬಂದ್ ಮಾಡಿ, ಹೀಟರ್ ಫುಲ್ ಇಟ್ಟು, ಕಿಟಕಿ ಇಳಿಸಬೇಕು. ಕಾರಿನ ಹೀಟರ್ ಓಡುವುದೇ ಇಂಜಿನ್ನಿನ ಬಿಸಿ ನೀರಿನಿಂದ, ಹಾಗಾಗಿ ಅಷ್ಟು ಬಿಸಿಯನ್ನು ಅದು ಹೊರಗೆ ಎಳೆಯುತ್ತದೆ. ಏಪ್ರಿಲ್‌ನಲ್ಲಿ ಹೀಟರ್ ಹಾಕಿಕೊಂಡು ಘಾಟಿ ಹತ್ತಿದೆವು. ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಕೊಟ್ಟಿಗೆಹಾರದಲ್ಲಿ ಒಬ್ಬರು ಮೆಕ್ಯಾನಿಕ್ ಟಾರ್ಚ್ ಬಿಟ್ಟು ತೋರಿಸಿದರು. ರಬ್ಬರ್ ಹೋಸ್‌ಗೆ ಕ್ಲಿಪ್ ಬಿಗಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಸುತ್ತ ಒಣಗಿದ ತಿಳಿ ಹಸಿರು ಕಲೆ, ಉಪ್ಪು ಕಟ್ಟಿದ ಹಾಗೆ. "ಇದು ನಿನ್ನೆ ಮೊನ್ನೆದಲ್ಲ ಮೇಡಂ, ತಿಂಗಳಿಂದ ಸೋರ್ತಾ ಇದೆ" ಅಂದರು. ಸರ್ವೀಸ್ ಆಗಿ ಮೂರೇ ವಾರ ಆಗಿತ್ತು. ಅವರು ಹೋಸ್ ಹಾಕುವಷ್ಟರಲ್ಲಿ ನಾವು ನೀರುದೋಸೆ ತಿಂದು ಬಂದೆವು. ಹಸಿವಾಗಿದ್ದಕ್ಕೋ ಏನೋ, ಅಷ್ಟು ರುಚಿಯಾದ ದೋಸೆ ಮತ್ತೆ ಸಿಕ್ಕಿಲ್ಲ.

ಮನೆಗೆ ಬಂದು ಸರ್ವೀಸ್ ಬಿಲ್ ತೆಗೆದು ನೋಡಿದೆ. 'ಕೂಲೆಂಟ್ ಟಾಪ್ ಅಪ್' ಅಂತ ಒಂದು ಸಾಲು ಇತ್ತು. ಕೂಲೆಂಟ್ ಅಂದರೆ ಇಂಜಿನ್ ತಣ್ಣಗಿಡಲು ರೇಡಿಯೇಟರ್‌ನಲ್ಲಿ ಓಡುವ ದ್ರವ. ಕಡಿಮೆಯಾಗಿದೆ ಅಂತ ತುಂಬಿಸಿದ್ದರು, ಯಾಕೆ ಕಡಿಮೆಯಾಯಿತು ಅಂತ ನೋಡಿರಲಿಲ್ಲ. ಅವರನ್ನು ಬೈದುಕೊಂಡೆ, ನಿಜ. ಆದರೆ ಕೂಲೆಂಟ್ ಡಬ್ಬಿ ಹೊರಗಿನಿಂದಲೇ ಕಾಣುವ ಪ್ಲಾಸ್ಟಿಕ್ಕಿನದು, ಮೇಲೆ ಮಿನ್, ಮ್ಯಾಕ್ಸ್ ಅಂತ ಎರಡು ಗೆರೆ. ಮುಚ್ಚಳ ಕೂಡ ತೆಗೆಯಬೇಕಿಲ್ಲ. ಅದನ್ನೂ ನಾನು ನೋಡಿರಲಿಲ್ಲವಲ್ಲ?

ಅಂದಿನಿಂದ ಭಾನುವಾರ ಬೆಳಗ್ಗೆ, ಕಾರು ತಣ್ಣಗಿರುವಾಗ ಹತ್ತು ನಿಮಿಷ ನೋಡುತ್ತೇನೆ. ನೋಡಿದ್ದನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಗುರುತು ಹಾಕುತ್ತೇನೆ. ಇವತ್ತು ಎಷ್ಟಿದೆ ಅನ್ನುವುದಕ್ಕಿಂತ ಹೋದ ವಾರಕ್ಕೂ ಈ ವಾರಕ್ಕೂ ಎಷ್ಟು ಇಳಿಯಿತು ಅನ್ನುವುದೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಟೈರ್ ವಿಷಯ ನೋಡಿ. ಡ್ರೈವರ್ ಬಾಗಿಲು ತೆಗೆದರೆ ಅದರ ಚೌಕಟ್ಟಿನ ಮೇಲೆ ಎಷ್ಟು ಗಾಳಿ ಅಂತ ಸ್ಟಿಕ್ಕರ್ ಇರುತ್ತದೆ, ನನ್ನ ಕಾರಿಗೆ 33 ಪಿಎಸ್‌ಐ. ಟೈರಿನ ಪಕ್ಕದಲ್ಲಿ ಬರೆದಿರುವುದು ಅದು ತಡೆಯುವ ಗರಿಷ್ಠ, ಅಷ್ಟು ತುಂಬಿಸಬಾರದು. ಬಂಕಿನ ಹುಡುಗ ಹಾಕಿದ್ದೇ ಗಾಳಿ ಅಂತಿದ್ದವಳು ಈಗ ಒಂದು ಗೇಜ್ ತಗೊಂಡಿದ್ದೇನೆ. ಓಡಿಸಿಕೊಂಡು ಹೋಗಿ ನೋಡಿದರೆ ಬಿಸಿಗೆ ಗಾಳಿ ಜಾಸ್ತಿ ತೋರಿಸುತ್ತದೆ, ಅದಕ್ಕೇ ಮನೆಯಲ್ಲೇ ನೋಡುವುದು. ಹಿಂದಿನ ಎಡಗಡೆ ಟೈರ್ ವಾರಕ್ಕೆ ಮೂರು ಇಳಿಯುತ್ತಿತ್ತು. ಪಂಕ್ಚರ್ ಅಂಗಡಿಯವರು ಟೈರ್ ನೀರಲ್ಲಿ ಉರುಳಿಸಿ "ಏನಿಲ್ಲ" ಅಂದರು. ಮತ್ತೆ ಮೂರು ಇಳಿಯಿತು. ಪಾತ್ರೆ ತೊಳೆಯುವ ಸೋಪಿನ ನೀರನ್ನು ವಾಲ್ವ್ ಬಾಯಿಗೆ ಬಿಟ್ಟು ಕೂತೆ. ಒಂದು ನಿಮಿಷಕ್ಕೆ ಸಾಸಿವೆ ಕಾಳಿನಷ್ಟು ಗುಳ್ಳೆ, ಒಡೆಯಿತು, ಇನ್ನೊಂದು. ವಾಲ್ವ್ ಹಳೆಯದಾಗಿತ್ತು, ಬದಲಿಸಿದ ಮೇಲೆ ನಿಂತಿತು. ಅದೇ ಜೋಶಿನಲ್ಲಿ ಸ್ಟೆಪ್ನಿಗೂ ಗೇಜ್ ಇಟ್ಟೆ. 12 ಇತ್ತು! ನಿಮ್ಮದನ್ನೂ ಒಮ್ಮೆ ನೋಡಿ.

ಇಂಜಿನ್ ಆಯಿಲ್ ನೋಡುವಾಗ ಮೊದಲ ಸಲ ಗಾಬರಿಯಾಗಿತ್ತು. ಪೇಟೆಯಿಂದ ಬಂದ ಕೂಡಲೇ ಡಿಪ್‌ಸ್ಟಿಕ್ ಎಳೆದಿದ್ದೆ, ಆಯಿಲ್ ಕೆಳಗಿನ ಗೆರೆಗೂ ಇರಲಿಲ್ಲ. ಮೇಲೆ ಹೋಗಿದ್ದು ಕೆಳಗೆ ಇಳಿಯಲು ಐದು ಹತ್ತು ನಿಮಿಷ ಬೇಕು, ಕಾರು ಸಮ ನೆಲದಲ್ಲಿ ಇರಬೇಕು, ಕಡ್ಡಿ ಒರೆಸಿ ಎರಡನೇ ಸಲ ಅದ್ದಿ ನೋಡಬೇಕು. ಕಪ್ಪಾಗಿದೆ ಅಂತ ಹೆದರಬೇಡಿ, ಕೊಳೆ ಹಿಡಿದುಕೊಳ್ಳುವುದೇ ಅದರ ಕೆಲಸ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಮಾತ್ರ ಕಾರು ತೆಗೆಯಬೇಡಿ, ಆಯಿಲ್‌ಗೆ ನೀರು ಸೇರಿರಬಹುದು. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಬ್ಯಾಟರಿ ತುದಿಗೆ ಬಿಳಿ ಪುಡಿ ಕಟ್ಟಿದರೆ ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜುತ್ತೇನೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಇಲ್ಲದಿದ್ದರೆ ಸ್ಪ್ಯಾನರ್ ಕಾರಿನ ಲೋಹಕ್ಕೆ ತಾಗಿ ಕಿಡಿ ಹಾರುತ್ತದೆ. ವೈಪರ್ ಬ್ಲೇಡ್ ಮೇ ತಿಂಗಳಲ್ಲೇ ಬದಲಿಸುತ್ತೇನೆ, ಮಳೆ ಶುರುವಾದ ಮೇಲೆ ಅಲ್ಲ.

ಬ್ರೇಕ್ ಮಾತ್ರ ಮುಟ್ಟುವುದಿಲ್ಲ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿದಿದ್ದರೆ ಸುಮ್ನೆ ತುಂಬಿಸುವುದೂ ಇಲ್ಲ. ಪ್ಯಾಡ್ ಸವೆದರೂ ಅದು ಇಳಿಯುತ್ತದೆ, ಸೋರಿದರೂ ಇಳಿಯುತ್ತದೆ. ಯಾವುದು ಅಂತ ಗ್ಯಾರೇಜಿನವರೇ ನೋಡಲಿ. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಅಂತ ಕೇಳುತ್ತೇನೆ. ಘಾಟಿ ಇಳಿಯುವವರಿಗೆ ಇದರಲ್ಲಿ ಜಿಪುಣತನ ಬೇಡ.

ಒಂದು ಮಾತು ಮರೆತಿದ್ದೆ. ಕೂಲೆಂಟ್ ನೆಲಕ್ಕೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಅವುಗಳಿಗೆ ಅದು ವಿಷ. ನಮ್ಮ ಬೀದಿಯ ಬೆಕ್ಕೊಂದು ಮಳೆಗಾಲದಲ್ಲಿ ಬೆಚ್ಚಗಿರಲಿ ಅಂತ ಇಂಜಿನ್ ಪಕ್ಕವೇ ಮಲಗುತ್ತದೆ. ಜೂನ್ ಬಂತೆಂದರೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿ, ಅದು ಇಳಿದು ಹೋಗುವವರೆಗೆ ಕಾಯುತ್ತೇನೆ.