ಕಾಲೇಜು ಹಾಕಿ ತಂಡ ಎಲ್ಲಿಯವರೆಗೆ ಹೋಗಬಹುದು: ಫಿಕ್ಸ್ಚರ್ ಓದಿ ಲೆಕ್ಕ ಹಾಕುವ ಬಗೆ

ಅಂತರ ಕಾಲೇಜು ಹಾಕಿ ಟೂರ್ನಿಯ ದಿನಾಂಕ ಗೊತ್ತಾದ ಕೂಡಲೇ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ, ಪೊನ್ನಂಪೇಟೆಗಳಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಈ ಸಲ ನಮ್ಮ ತಂಡ ಫೈನಲ್‌ಗೆ ಹೋಗುತ್ತದೆಯೇ’ ಎಂಬುದು. ಈ ಪ್ರಶ್ನೆಗೆ ಅಭಿಮಾನದಿಂದ ಉತ್ತರ ಕೊಡುವವರು ಬಹಳ ಮಂದಿ ಇದ್ದಾರೆ. ಫಿಕ್ಸ್ಚರ್ ಹಾಳೆಯನ್ನು, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಂದ್ಯಪಟ್ಟಿಯನ್ನು, ಮುಂದಿಟ್ಟುಕೊಂಡು ಉತ್ತರ ಕೊಡುವವರು ಕಡಿಮೆ. ಒಂದು ನೋಟ್ ಪುಸ್ತಕ, ಒಂದು ಪೆನ್ನು ಮತ್ತು ಟೂರ್ನಿಯ ನಿಯಮಗಳ ಪ್ರತಿ ಇದ್ದರೆ ತಂಡ ಯಾರನ್ನು ಎದುರಿಸಬೇಕಾಗಬಹುದು, ಯಾವ ಫಲಿತಾಂಶ ಬಂದರೆ ಮುಂದೆ ಹೋಗಬಹುದು ಎಂಬುದನ್ನು ಯಾರು ಬೇಕಾದರೂ ಸ್ಪಷ್ಟವಾಗಿ ತಿಳಿಯಬಹುದು.

ಮೊದಲು ನೋಡಬೇಕಾದದ್ದು ಎದುರಾಳಿಗಳ ಹೆಸರನ್ನಲ್ಲ, ಟೂರ್ನಿಯ ಸ್ವರೂಪವನ್ನು. ನಮ್ಮ ಜಿಲ್ಲೆಯ ಪ್ರೇಕ್ಷಕರಿಗೆ ನಾಕೌಟ್ ಪದ್ಧತಿ ರಕ್ತಗತವಾಗಿದೆ ಎನ್ನಬಹುದು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಉತ್ಸವವಾಗಿ ಬೆಳೆದದ್ದನ್ನು ನೋಡಿದವರಿಗೆ ‘ಸೋತರೆ ಮನೆಗೆ’ ಎಂಬ ಲೆಕ್ಕ ಸಹಜವೆನಿಸುತ್ತದೆ. ಆದರೆ ಕಾಲೇಜು ಮತ್ತು ವಿಶ್ವವಿದ್ಯಾಲಯ ಮಟ್ಟದ ಟೂರ್ನಿಗಳು ಅನೇಕ ಸಲ ನಾಕೌಟ್ ಮತ್ತು ಲೀಗ್ ಎರಡನ್ನೂ ಬೆರೆಸಿದ ಪದ್ಧತಿಯಲ್ಲಿ ನಡೆಯುತ್ತವೆ: ಕೊನೆಯ ನಾಲ್ಕು ತಂಡಗಳು ಉಳಿಯುವವರೆಗೆ ನಾಕೌಟ್, ಅಲ್ಲಿಂದ ಮುಂದೆ ನಾಲ್ವರ ನಡುವೆ ಲೀಗ್, ಅಂದರೆ ಪ್ರತಿ ತಂಡವೂ ಉಳಿದ ಮೂರರೊಂದಿಗೂ ಆಡುವ ಕ್ರಮ. ಆ ಲೀಗ್‌ನ ಮೊದಲ ಪಂದ್ಯ ಸೋತೊಡನೆ ಗ್ಯಾಲರಿಯಿಂದ ಎದ್ದು ಹೋಗುವವರನ್ನು ಪ್ರತಿ ವರ್ಷ ಕಾಣುತ್ತೇವೆ. ಅವರ ತಂಡದ ಅವಕಾಶ ಆಗಿನ್ನೂ ಜೀವಂತವಾಗಿರುತ್ತದೆ.

ಕಾಲೇಜು ಯಾವ ವಿಶ್ವವಿದ್ಯಾಲಯದ ಟೂರ್ನಿಯಲ್ಲಿ ಆಡುತ್ತಿದೆ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಕಾಲದಲ್ಲಿ ಇಲ್ಲಿನ ಕಾಲೇಜುಗಳಿಗೆ ಕರಾವಳಿಯ ಕಾಲೇಜುಗಳೂ ಎದುರಾಳಿಗಳಾಗಿದ್ದವು. ಕೊಡಗು ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಬಂದ ಮೇಲೆ ಆ ಚಿತ್ರ ಬದಲಾಗಿರುವುದರಿಂದ ಹಳೆಯ ವರ್ಷಗಳ ಫಲಿತಾಂಶಗಳನ್ನು ಹಾಗೆಯೇ ಆಧಾರವಾಗಿ ಇಟ್ಟುಕೊಳ್ಳುವುದು ಸರಿಯಲ್ಲ.

ಇನ್ನು ನಾಕೌಟ್ ಹಾಳೆಯನ್ನು ಓದುವ ಕ್ರಮ. ಒಟ್ಟು ತಂಡಗಳ ಸಂಖ್ಯೆಗೆ ಮೇಲಿನ ಎರಡರ ಘಾತವನ್ನು, ಅಂದರೆ 8, 16, 32 ಇವುಗಳಲ್ಲಿ ಹತ್ತಿರದ್ದನ್ನು ತೆಗೆದುಕೊಂಡು ಅದರಿಂದ ತಂಡಗಳ ಸಂಖ್ಯೆಯನ್ನು ಕಳೆದರೆ ಉಳಿಯುವುದೇ ‘ಬೈ’ಗಳ, ಅಂದರೆ ಮೊದಲ ಸುತ್ತು ಆಡದೆಯೇ ಮುಂದೆ ಹೋಗುವ ಅವಕಾಶಗಳ, ಸಂಖ್ಯೆ. ಉದಾಹರಣೆಗೆ 11 ಕಾಲೇಜುಗಳು ಹೆಸರು ಕೊಟ್ಟಿದ್ದರೆ 16ರಲ್ಲಿ 11 ಕಳೆದು 5 ಬೈಗಳು ಬರುತ್ತವೆ. ಆರು ತಂಡಗಳು ಮೊದಲ ಸುತ್ತಿನ ಮೂರು ಪಂದ್ಯಗಳನ್ನು ಆಡುತ್ತವೆ. ಚೀಟಿ ಎತ್ತಿದ ಮೇಲೆ 1ರಿಂದ 6ರವರೆಗಿನವರು ಮೇಲಿನ ಅರ್ಧದಲ್ಲಿ, 7ರಿಂದ 11ರವರೆಗಿನವರು ಕೆಳಗಿನ ಅರ್ಧದಲ್ಲಿ ನಿಲ್ಲುತ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕರು ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ ಮೊದಲ ಬೈ ಕೆಳಗಿನ ಅರ್ಧದ ಕೊನೆಯ ತಂಡಕ್ಕೆ, ಎರಡನೆಯದು ಮೇಲಿನ ಅರ್ಧದ ಮೊದಲ ತಂಡಕ್ಕೆ, ಮೂರನೆಯದು ಕೆಳಗಿನ ಅರ್ಧದ ಮೊದಲ ತಂಡಕ್ಕೆ, ನಾಲ್ಕನೆಯದು ಮೇಲಿನ ಅರ್ಧದ ಕೊನೆಯ ತಂಡಕ್ಕೆ ಹೋಗುತ್ತದೆ. ಐದನೆಯದು ಮತ್ತೆ ಕೆಳಗಿನ ಅರ್ಧಕ್ಕೆ ಬಂದು, ಕೊನೆಯದಕ್ಕಿಂತ ಒಂದು ಮೇಲಿರುವ ತಂಡಕ್ಕೆ ಸಿಗುತ್ತದೆ. ಹೀಗೆ 11, 1, 7, 6 ಮತ್ತು 10ನೇ ಸಂಖ್ಯೆಯವರು ಮೊದಲ ಸುತ್ತು ಆಡದೆಯೇ ಕ್ವಾರ್ಟರ್ ಫೈನಲ್ ತಲುಪುತ್ತಾರೆ.

ನಮ್ಮ ತಂಡಕ್ಕೆ 4ನೇ ಸಂಖ್ಯೆ ಬಂದಿದೆ ಎಂದುಕೊಳ್ಳೋಣ. ಮೊದಲ ಎದುರಾಳಿ 5ನೇ ತಂಡ, ಗೆದ್ದರೆ ಕ್ವಾರ್ಟರ್ ಫೈನಲ್‌ನಲ್ಲಿ ವಿಶ್ರಾಂತಿ ಪಡೆದು ಬಂದ 6ನೇ ತಂಡ, ಪೂರ್ತಿ ನಾಕೌಟ್ ಆದರೆ ಸೆಮಿಫೈನಲ್‌ನಲ್ಲಿ 1, 2, 3 ಇವರಲ್ಲಿ ಉಳಿದವರು. ಆ ಪದ್ಧತಿಯಲ್ಲಿ 7ರಿಂದ 11ರವರೆಗಿನ ಯಾವ ತಂಡವೂ ಫೈನಲ್‌ವರೆಗೆ ಎದುರಾಗುವುದಿಲ್ಲ. ಕಳೆದ ವರ್ಷದ ಚಾಂಪಿಯನ್ ಕೆಳಗಿನ ಅರ್ಧದಲ್ಲಿದ್ದರೆ ಅವರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ 5 ಮತ್ತು 6ನೇ ತಂಡಗಳ ಅಭ್ಯಾಸ ಪಂದ್ಯವನ್ನು ನೋಡಿಕೊಂಡು ಬರುವುದು ಮೇಲು. ಅದೇ ರೀತಿ 10 ಮತ್ತು 11ನೇ ತಂಡಗಳೆರಡಕ್ಕೂ ಬೈ ಸಿಕ್ಕಿದೆಯಾದರೂ ಅವರು ಮೊದಲ ಪಂದ್ಯದಲ್ಲೇ ಪರಸ್ಪರ ಆಡಬೇಕು ಎಂಬುದನ್ನು ಗಮನಿಸಿದರೆ ಬೈ ಸಿಕ್ಕವರೆಲ್ಲ ಅದೃಷ್ಟವಂತರೆಂಬ ಮಾತು ಎಷ್ಟು ಟೊಳ್ಳೆಂದು ತಿಳಿಯುತ್ತದೆ.

ನಾಕೌಟ್ ಪಂದ್ಯ ಸಮವಾದರೆ ಶೂಟೌಟ್. ಪ್ರತಿ ತಂಡದಿಂದ ಐವರು, 23 ಮೀಟರ್ ಗೆರೆಯಿಂದ ಹೊರಟು, 8 ಸೆಕೆಂಡುಗಳೊಳಗೆ ಗೋಲ್‌ಕೀಪರ್‌ನನ್ನು ತಪ್ಪಿಸಿ ಗೋಲು ಹೊಡೆಯಬೇಕು. ಇಲ್ಲಿ ದುರ್ಬಲ ತಂಡವೂ ಒಬ್ಬ ಚುರುಕಾದ ಗೋಲ್‌ಕೀಪರ್‌ನಿಂದ ಪಾರಾಗಬಲ್ಲದಾದ್ದರಿಂದ, ಎದುರಾಳಿಯ ಗೋಲ್‌ಕೀಪರ್ ಮುನ್ನುಗ್ಗಿ ಬರುವವನೇ ಅಥವಾ ಗೆರೆಯ ಬಳಿಯೇ ಕಾಯುವವನೇ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡಿರಬೇಕು.

ಲೀಗ್ ಹಂತದ ಲೆಕ್ಕಕ್ಕೆ ಹೆಚ್ಚು ತಾಳ್ಮೆ ಬೇಕು. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಕ್ರಮದಂತೆ ಅಂಕಗಳು ಸಮನಾದಾಗ ಮೊದಲು ಗೆದ್ದ ಪಂದ್ಯಗಳ ಸಂಖ್ಯೆಯನ್ನು, ನಂತರ ಗೋಲುಗಳ ಅಂತರವನ್ನು, ಆಮೇಲೆ ಹೊಡೆದ ಒಟ್ಟು ಗೋಲುಗಳನ್ನು, ಅದೂ ಸಮನಾದರೆ ಆ ಎರಡು ತಂಡಗಳ ನಡುವಿನ ಪಂದ್ಯದ ಫಲಿತಾಂಶವನ್ನು ನೋಡುತ್ತಾರೆ. ಸ್ಥಳೀಯ ಸಂಘಟಕರು ಈ ಕ್ರಮವನ್ನು ಬದಲಿಸಿಕೊಂಡಿರಲು ಸಾಧ್ಯವಿದೆ. ಮೊದಲ ದಿನವೇ ವ್ಯವಸ್ಥಾಪಕರ ಸಭೆಯಲ್ಲಿ ಇದನ್ನು ಕೇಳಿ ಬರೆಸಿಕೊಳ್ಳದ ತಂಡ ಕೊನೆಯ ದಿನ ಮೈದಾನದ ಬದಿಯಲ್ಲಿ ನಿಂತು ವಾದ ಮಾಡಬೇಕಾಗುತ್ತದೆ.

ಒಂದು ಕಾಲ್ಪನಿಕ ಸ್ಥಿತಿಯನ್ನು ಬಿಡಿಸಿ ನೋಡೋಣ. ನಾಲ್ಕು ತಂಡಗಳಲ್ಲಿ ಪ್ರತಿಯೊಂದೂ ಎರಡು ಪಂದ್ಯ ಆಡಿದೆ. ನಾವು ವಿರಾಜಪೇಟೆಯ ತಂಡವನ್ನು 3-1ರಿಂದ ಸೋಲಿಸಿ, ಗೋಣಿಕೊಪ್ಪದ ತಂಡದೊಂದಿಗೆ 2-2ರಲ್ಲಿ ಸಮ ಮಾಡಿಕೊಂಡಿದ್ದೇವೆ. ಮಡಿಕೇರಿಯ ತಂಡ ಗೋಣಿಕೊಪ್ಪವನ್ನು 2-0ರಿಂದಲೂ ವಿರಾಜಪೇಟೆಯನ್ನು 4-0ರಿಂದಲೂ ಗೆದ್ದಿದೆ. ಹಾಗಾದರೆ ಮಡಿಕೇರಿಗೆ 6 ಅಂಕ, ನಮಗೆ 4, ಗೋಣಿಕೊಪ್ಪಕ್ಕೆ 1, ವಿರಾಜಪೇಟೆಗೆ ಸೊನ್ನೆ. ಕೊನೆಯ ದಿನ ನಮಗೆ ಮಡಿಕೇರಿ, ಗೋಣಿಕೊಪ್ಪಕ್ಕೆ ವಿರಾಜಪೇಟೆ ಎದುರಾಳಿ. ಪ್ರಶಸ್ತಿ ಬೇಕೆಂದರೆ ನಾವು ಗೆಲ್ಲಲೇಬೇಕು. ಸಮವಾದರೆ ಮಡಿಕೇರಿ 7 ಅಂಕಗಳೊಂದಿಗೆ ಮುಂದೆ ಇರುತ್ತದೆ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ.

ಎರಡನೆಯ ಸ್ಥಾನದ ಲೆಕ್ಕ ಇದಕ್ಕಿಂತ ಸ್ವಾರಸ್ಯಕರ. ನಾವು ಸೋತು ಗೋಣಿಕೊಪ್ಪ ಗೆದ್ದರೆ ಇಬ್ಬರಿಗೂ 4 ಅಂಕ, ಇಬ್ಬರಿಗೂ ಒಂದೊಂದು ಗೆಲುವು. ನಮ್ಮ ಗೋಲು ಅಂತರ ಸದ್ಯ ಕೂಡು 2, ಅವರದು ಕಳೆ 2. ನಡುವೆ ಇರುವುದು ನಾಲ್ಕು ಗೋಲುಗಳ ದೂರ. ಆದ್ದರಿಂದ ನಾವು ಎಷ್ಟು ಗೋಲುಗಳಿಂದ ಸೋಲುತ್ತೇವೆಯೋ ಅದನ್ನೂ, ಅವರು ಎಷ್ಟು ಗೋಲುಗಳಿಂದ ಗೆಲ್ಲುತ್ತಾರೆಯೋ ಅದನ್ನೂ ಕೂಡಿಸಿದಾಗ ಮೊತ್ತ 4ಕ್ಕಿಂತ ಕಡಿಮೆ ಇದ್ದರೆ ಎರಡನೆಯ ಸ್ಥಾನ ನಮ್ಮದು, ಹೆಚ್ಚಿದ್ದರೆ ಅವರದು. ಸರಿಯಾಗಿ 4 ಆದರೆ ಹೊಡೆದ ಗೋಲುಗಳನ್ನು ಎಣಿಸಬೇಕು: ನಾವು ಈವರೆಗೆ 5, ಅವರು 2. ನಾವು 1-2ರಿಂದ ಸೋತು ಅವರು 3-0ರಿಂದ ಗೆದ್ದರೆ ನಮ್ಮದು 6, ಅವರದು 5, ನಾವೇ ಮುಂದೆ. ಅವರು 4-1ರಿಂದ ಗೆದ್ದರೆ ಮಾತ್ರ 6-6 ಆಗಿ ಗಂಟು ಬಿಗಿಯುತ್ತದೆ, ಏಕೆಂದರೆ ನಮ್ಮಿಬ್ಬರ ಪಂದ್ಯವೂ ಸಮವಾಗಿದ್ದರಿಂದ ಅದು ಯಾವ ತೀರ್ಮಾನವನ್ನೂ ಕೊಡುವುದಿಲ್ಲ. ಆಗ ನಿಯಮ ಪುಸ್ತಕದ ಇನ್ನೂ ಕೆಳಗಿನ ಸಾಲಿಗೆ, ಫೀಲ್ಡ್ ಗೋಲುಗಳ (ಪೆನಾಲ್ಟಿಯಿಂದಲ್ಲದೆ ಆಟದ ನಡುವೆಯೇ ಬಂದ ಗೋಲುಗಳ) ಲೆಕ್ಕಕ್ಕೆ, ಇಳಿಯಬೇಕಾಗುತ್ತದೆ.

ಈ ಲೆಕ್ಕ ಆಟದ ಕ್ರಮವನ್ನೇ ಬದಲಿಸುತ್ತದೆ. ಮಡಿಕೇರಿಯ ಎದುರು ಒಂದು ಗೋಲು ಹಿಂದಿರುವಾಗ, ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಹನ್ನೊಂದನೆಯ ಫೀಲ್ಡ್ ಆಟಗಾರನನ್ನು ಕಳಿಸುವುದು ಧೈರ್ಯದಂತೆ ಕಂಡರೂ, ಗೋಣಿಕೊಪ್ಪ ಆಗಲೇ ಎರಡು ಗೋಲುಗಳಿಂದ ಗೆದ್ದಿದ್ದರೆ ಮೊತ್ತ 3 ಆಗಿ ಸ್ಥಾನ ಭದ್ರವಾಗಿರುತ್ತದೆ ಮತ್ತು ಇನ್ನೊಂದು ಗೋಲು ಬಿಟ್ಟರೆ ಆ ಭದ್ರತೆ ಹೋಗುತ್ತದೆ. ಒಂದೇ ಮೈದಾನವಿರುವ ಟೂರ್ನಿಗಳಲ್ಲಿ ಎರಡು ಪಂದ್ಯಗಳು ಒಂದರ ನಂತರ ಒಂದು ನಡೆಯುವುದರಿಂದ ಎರಡನೆಯದಾಗಿ ಆಡುವವರಿಗೆ ಇದು ದೊಡ್ಡ ಅನುಕೂಲ. ವೇಳಾಪಟ್ಟಿಯಲ್ಲಿ ಆ ಜಾಗ ಯಾರಿಗೆ ಸಿಕ್ಕಿದೆ ಎಂಬುದನ್ನೂ ನೋಡಬೇಕು.

ಇಲ್ಲಿಯವರೆಗಿನದು ಏನಾಗಬೇಕು ಎಂಬುದರ ಗಣಿತ. ಅದು ಆಗುವ ಸಂಭವ ಎಷ್ಟು ಎಂದು ಅಂದಾಜು ಮಾಡಲು ಬೇರೆ ಟಿಪ್ಪಣಿಗಳು ಬೇಕು, ಅವುಗಳಲ್ಲಿ ನಾನು, ಎದುರಾಳಿಯ ತಪ್ಪಿಗೆ ಸಿಗುವ, ಗೋಲು ಗೆರೆಯಿಂದ ಚೆಂಡು ತಳ್ಳಿ ಆರಂಭಿಸುವ ಪೆನಾಲ್ಟಿ ಕಾರ್ನರ್‌ಗೆ ಮೊದಲ ಸ್ಥಾನ ಕೊಡುತ್ತೇನೆ. ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್ ಅವರಂಥ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಆಟಗಾರರನ್ನು ಕಂಡ ಜಿಲ್ಲೆಯಲ್ಲಿ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಆದರೆ ಗೋಲಾದ ಕಾರ್ನರ್‌ಗಳನ್ನು ಮಾತ್ರ ನೆನಪಿಟ್ಟುಕೊಂಡು, ಎಷ್ಟು ಕಾರ್ನರ್ ಸಿಕ್ಕಿತ್ತು ಎಂಬುದನ್ನು ಮರೆಯುತ್ತೇವೆ. ಪುಟದ ಎಡಬದಿಯಲ್ಲಿ ಸಿಕ್ಕ ಕಾರ್ನರ್, ಬಲಬದಿಯಲ್ಲಿ ಗೋಲು, ನಡುವೆ ಕೆಟ್ಟದ್ದು ಎಲ್ಲಿ ಎಂದು ಬರೆಯಬೇಕು: ಚೆಂಡನ್ನು ತಳ್ಳಿದವನ ಕೈಯಲ್ಲೇ, ತಡೆಯುವವನ ಸ್ಟಿಕ್ಕಿನಲ್ಲೇ, ಅಥವಾ ಫ್ಲಿಕ್‌ನಲ್ಲೇ. ಮಳೆಗಾಲ ಮುಗಿದು ಇನ್ನೂ ತೇವ ಆರದ ಹುಲ್ಲಿನ ಮೈದಾನದಲ್ಲಿ ತಳ್ಳಿದ ಚೆಂಡು ಗೋಲಿನ ಮುಂದಿನ ಅರ್ಧವೃತ್ತವಾದ ‘ಡಿ’ಯ ಅಂಚಿಗೆ ಬರುವಷ್ಟರಲ್ಲಿ ಒಮ್ಮೆ ಪುಟಿದು ಸ್ಟಿಕ್ಕಿನ ಮೇಲೆ ಹಾರುತ್ತದೆ. ಅಷ್ಟರಲ್ಲಿ ಗೋಲು ಗೆರೆಯಿಂದ ಓಡಿಬಂದ ಮೊದಲ ರಕ್ಷಕ ಮೈಮೇಲೆ ಬಿದ್ದಿರುತ್ತಾನೆ. ಇಂಥ ಮೈದಾನದಲ್ಲಿ ವಿಫಲವಾದ ತಂಡ ಪೊನ್ನಂಪೇಟೆಯ ಕೃತಕ ಹಾಸಿನ ಟರ್ಫ್‌ನಲ್ಲಿ ಬೇರೆಯೇ ತಂಡವಾಗಿ ಕಾಣಬಹುದು. ಹುಲ್ಲಿನ ಮೇಲಿನ ಫಲಿತಾಂಶವನ್ನೂ ಟರ್ಫ್ ಮೇಲಿನ ಫಲಿತಾಂಶವನ್ನೂ ಒಂದೇ ಪಟ್ಟಿಯಲ್ಲಿ ಬರೆಯಬಾರದು.

ಕಾರ್ಡ್‌ಗಳ ಲೆಕ್ಕ ಚಿಕ್ಕದಾದರೂ ಬಿಡುವಂಥದ್ದಲ್ಲ. ಹಸಿರು ಕಾರ್ಡ್‌ಗೆ 2 ನಿಮಿಷ, ಹಳದಿಗೆ ಕನಿಷ್ಠ 5 ನಿಮಿಷ ತಂಡ ಹತ್ತು ಮಂದಿಯೊಂದಿಗೆ ಆಡಬೇಕು. ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದಾದ 15 ನಿಮಿಷಗಳ ಕ್ವಾರ್ಟರ್‌ನಲ್ಲಿ ಒಂದು ಹಳದಿ ಎಂದರೆ ಮೂರನೇ ಒಂದು ಭಾಗ. ಬೆಂಚಿನಲ್ಲಿ ಎಷ್ಟು ಆಟಗಾರರಿದ್ದಾರೆ ಎಂಬುದನ್ನೂ ಎಣಿಸಬೇಕು, ಏಕೆಂದರೆ ಸತತ ದಿನಗಳಲ್ಲಿ ಪಂದ್ಯಗಳಿರುವಾಗ ಹದಿಮೂರು ಮಂದಿಯೊಂದಿಗೆ ಬಂದ ತಂಡ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಸೋಲುವುದು ಆಶ್ಚರ್ಯವಲ್ಲ. ಕೊಡಗಿನ ಸಣ್ಣ ಕಾಲೇಜುಗಳ ನಿಜವಾದ ಕಷ್ಟ ಇದೇ ಎಂದು ನನ್ನ ಅಭಿಪ್ರಾಯ. ಪ್ರತಿಭೆಗೆ ಕೊರತೆಯಿಲ್ಲ, ಬದಲಿ ಆಟಗಾರರಿಗೆ ಕೊರತೆ.

ತಂಡ ಮುಂದೆ ಹೋಗಲಿ ಬಿಡಲಿ, ಆಟಗಾರರ ದಾರಿ ಅಲ್ಲಿಗೆ ನಿಲ್ಲುವುದಿಲ್ಲ. ಅಂತರ ಕಾಲೇಜು ಟೂರ್ನಿಯಲ್ಲಿ ಕಣ್ಣಿಗೆ ಬಿದ್ದವರನ್ನು ಟ್ರಯಲ್ಸ್‌ಗೆ ಕರೆದು ವಿಶ್ವವಿದ್ಯಾಲಯದ ತಂಡವನ್ನು ಆರಿಸಲಾಗುತ್ತದೆ, ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಟೂರ್ನಿಗೆ ಹೋಗುತ್ತದೆ, ಅಲ್ಲಿ ಮೊದಲ ನಾಲ್ಕರಲ್ಲಿ ಬಂದವರಿಗೆ ಅಖಿಲ ಭಾರತ ಮಟ್ಟದ ಅವಕಾಶವಿರುತ್ತದೆ. ಅಲ್ಲಿಯೂ ನಾಕೌಟ್ ನಂತರ ಲೀಗ್ ಇರುವುದರಿಂದ ಮೇಲೆ ಹೇಳಿದ ಲೆಕ್ಕವೇ ಅನ್ವಯಿಸುತ್ತದೆ. ವಯಸ್ಸಿನ ಮಿತಿ 17ರಿಂದ 25 ವರ್ಷ. ಕೊನೆಯ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳಿರುವ ತಂಡಗಳು ಜನ್ಮ ದಿನಾಂಕದ ದಾಖಲೆಗಳನ್ನು ಟ್ರಯಲ್ಸ್‌ಗೆ ಮೊದಲೇ ಪರಿಶೀಲಿಸಿಕೊಳ್ಳಬೇಕು, ಏಕೆಂದರೆ ಅನರ್ಹ ಆಟಗಾರನೊಬ್ಬ ಆಡಿದ್ದು ಗೊತ್ತಾದರೆ ಮೈದಾನದಲ್ಲಿ ಗಳಿಸಿದ ಅಂಕಗಳು ಕಾಗದದ ಮೇಲೆ ಉಳಿಯದೆ ಹೋಗಬಹುದು.